ನಿಂತ ನೆಲದ ಚರಿತ್ರೆ

(ಮುಂಬಯಿಯ ಕನ್ನಡ ಶಾಲೆಯೊಂದರ ವರ್ಷಾರಂಭದ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಳೆದ ವರ್ಷ ಜೂನ್ ತಿಂಗಳಲ್ಲಿ ಇದೇ ಸಭಾಂಗಣದಲ್ಲಿ ನಾನು ವಿಜಯನಗರದ ವೈಭವವನ್ನು ಕುರಿತು ಮುಕ್ಕಾಲು ಗಂಟೆ ಮಾತನಾಡಿದ್ದೆ. ಮಕ್ಕಳು ಸೌಜನ್ಯದಿಂದ ಕೇಳಿದರು. ಕೊನೆಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ನನ್ನ ಅಜ್ಜ ಮುಂಬಯಿಗೆ ಯಾವ ಇಸವಿಯಲ್ಲಿ ಬಂದರೆಂದು ಅವರಿಗೇ ಗೊತ್ತಿಲ್ಲ. ಅದನ್ನು ಕಂಡುಹಿಡಿಯುವುದು ಹೇಗೆ?” ಎಂದು ಕೇಳಿದಳು. ಇತಿಹಾಸದಲ್ಲಿ ಎಂ.ಎ. ಮಾಡಿ, ಮೂವತ್ತು ವರ್ಷ ಕೇಂದ್ರ ಸರ್ಕಾರದ ಕಡತಗಳಲ್ಲಿ ದಿನಾಂಕಗಳನ್ನು ಪರಿಶೀಲಿಸುತ್ತ ಬಂದ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. “ನೀವೇ ಹುಡುಕಿ, ನನಗೂ ತಿಳಿಸಿ” ಎಂದು ನುಣುಚಿಕೊಂಡೆ. ಅವರು ನಿಜವಾಗಿಯೂ ಹುಡುಕಿದರು. ಇಂದಿನ ನನ್ನ ಮಾತು ಆ ಹುಡುಕಾಟವನ್ನು ಕುರಿತದ್ದು.

ಅಜ್ಜ ಕುಂದಾಪುರದ ಕಡೆಯವರು. ಹುಡುಗನಾಗಿದ್ದಾಗ ಊರಿನವರೊಬ್ಬರ ಜೊತೆ ಬಂದು ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸಕ್ಕೆ ಸೇರಿ, ರಾತ್ರಿ ಶಾಲೆಯಲ್ಲಿ ಓದಿದವರು. ಅವರಿಗೆ ನೆನಪಿದ್ದುದು ಒಂದೇ: ಬಂದ ಮೊದಲ ಚಳಿಗಾಲದಲ್ಲಿ ಒಂದು ಬೆಳಗಿನ ಜಾವ ಭೂಮಿ ನಡುಗಿ, ಕಪಾಟಿನ ಲೋಟಗಳೆಲ್ಲ ಗಲಗಲನೆ ಸದ್ದು ಮಾಡಿದವು. ಮಕ್ಕಳು ಅದನ್ನು 1993ರ ಲಾತೂರಿನ ಭೂಕಂಪವೆಂದು ಬರೆದುಕೊಂಡರು. ಮನೆಗಳಲ್ಲಿ ಹಿರಿಯರು ಹೇಳುತ್ತಿದ್ದುದು ಅದನ್ನೇ. ಆದರೆ ಒಬ್ಬ ಹುಡುಗ ಒಪ್ಪಲಿಲ್ಲ. 1982ರಲ್ಲಿ ಗಿರಣಿ ಕಾರ್ಮಿಕರ ಮುಷ್ಕರ ಆರಂಭವಾದಾಗ ಊಟದ ಗಿರಾಕಿಗಳಿಲ್ಲದೆ ತಾನು ಗಲ್ಲಾದಲ್ಲಿ ಸುಮ್ಮನೆ ಕುಳಿತಿರುತ್ತಿದ್ದೆನೆಂದು ಅಜ್ಜನೇ ಹೇಳಿದ್ದರಲ್ಲ? ಹಾಗಾದರೆ ಲೋಟ ತೊಳೆದ ಕಾಲ ಅದಕ್ಕಿಂತ ಹಿಂದಿನದು. ಮೇಲಾಗಿ ಲಾತೂರಿನ ಭೂಕಂಪವಾದದ್ದು ಸೆಪ್ಟೆಂಬರ್ 30ರಂದು, ಅದು ಚಳಿಗಾಲವಲ್ಲ. ಗ್ರಂಥಾಲಯದಲ್ಲಿ ಹುಡುಕಿದಾಗ 1967ರ ಡಿಸೆಂಬರ್ 11ರ ಬೆಳಗಿನ ಜಾವದ ಕೊಯ್ನಾ ಭೂಕಂಪ ಸಿಕ್ಕಿತು. ಅದರ ಕಂಪನ ಮುಂಬಯಿಯವರೆಗೂ ಮುಟ್ಟಿತ್ತು. ಅಜ್ಜ ಆ ಇಸವಿಯನ್ನು ಚೀಟಿಯಲ್ಲಿ ಬರೆಸಿಕೊಂಡು ಕಿಸೆಯಲ್ಲಿಟ್ಟುಕೊಂಡರಂತೆ.

ಇತಿಹಾಸಕಾರನು ಮಾಡುವುದೂ ಇದನ್ನೇ: ಸಾಕ್ಷಿಯನ್ನು ಕೇಳುವುದು, ಒಂದು ಮಾತನ್ನು ಇನ್ನೊಂದರೊಡನೆ ತೂಗುವುದು, ತಾನು ಬರೆದದ್ದನ್ನೇ ಹೊಡೆದುಹಾಕುವುದು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಶಿಕ್ಷಣವನ್ನು ಮಗುವಿನ ಕೈಕೆಲಸಕ್ಕೂ ಪರಿಸರಕ್ಕೂ ಜೋಡಿಸಬೇಕೆಂದರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದಿತು. ತತ್ತ್ವಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ, ಅಷ್ಟೆ.

ಆದ್ದರಿಂದ ನನ್ನ ವಿನಂತಿ ಇದು. ಈ ವರ್ಷದ ಮೊದಲ ಎರಡು ವಾರ ಇತಿಹಾಸದ ಅವಧಿಯನ್ನು ಮಕ್ಕಳಿಗೆ ಬಿಟ್ಟುಕೊಡಿ. ಪ್ರಶ್ನೆಯನ್ನು ಅವರೇ ಆರಿಸಲಿ: ಚಾಳಿಗೆ ಆ ಹೆಸರು ಏಕೆ ಬಂತು, ಮುಚ್ಚಿದ ಗಿರಣಿಯ ಜಾಗದಲ್ಲಿ ಈಗ ಏನಿದೆ, ಈ ಶಾಲೆಯ ಮೊದಲ ಹಾಜರಿ ಪುಸ್ತಕದಲ್ಲಿ ಯಾರ ಹೆಸರುಗಳಿವೆ. ಪಾಠಗಳು ಮುಗಿಯುವುದು ಯಾವಾಗ ಎಂಬ ಅಧ್ಯಾಪಕರ ಆತಂಕ ನ್ಯಾಯವಾದುದೇ. ಪರೀಕ್ಷೆಯಲ್ಲಿ ಇದಕ್ಕೆ ಅಂಕ ದೊರೆಯದೆಂಬುದೂ ನಿಜ. ಆದರೆ ಲಾತೂರನ್ನು ಹೊಡೆದುಹಾಕಿ ಕೊಯ್ನಾ ಎಂದು ಬರೆದ ಮಗು ಪಠ್ಯಪುಸ್ತಕವನ್ನು ಬೇರೆಯೇ ಕಣ್ಣಿನಿಂದ ಓದುತ್ತದೆ. ಮಕ್ಕಳಿಗೆ ಬಿಟ್ಟುಕೊಡುವುದೆಂದರೆ ಅಧ್ಯಾಪಕರು ಕೈಕಟ್ಟಿ ಕೂರುವುದೆಂದಲ್ಲ. ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತು, ಬೇರೆ ಯಾರಾದರೂ ಹಾಗೆ ಹೇಳುತ್ತಾರೆಯೆ ಎಂದು ಪದೇ ಪದೇ ಕೇಳುವ ಹೊಣೆ ಅವರದೇ.

ಪಾಲಕರಲ್ಲಿಯೂ ಒಂದು ಮಾತು. ನಮಗೆ ‘ಊರು’ ಎಂದರೆ ಘಟ್ಟದ ಆಚೆಯದೋ ಕೆಳಗಿನದೋ. ಈ ಮಕ್ಕಳು ಹುಟ್ಟಿದ್ದು ಇಲ್ಲಿ. ಬೋರಿವಲಿಯ ಕಾಡಿನೊಳಗಿನ ಕನ್ಹೇರಿ ಗುಹೆಗಳಲ್ಲಿ 9ನೆಯ ಶತಮಾನದ ಶಿಲಾಹಾರರ ಸಂಸ್ಕೃತ ಶಾಸನಗಳಿವೆ. ಅವುಗಳಲ್ಲಿ ಅವರ ಒಡೆಯನಾಗಿದ್ದ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ. ‘ಕವಿರಾಜಮಾರ್ಗ’ ಹುಟ್ಟಿದ್ದು ಅದೇ ದೊರೆಯ ಆಸ್ಥಾನದಲ್ಲಿ. ಮಕ್ಕಳು ಇದನ್ನು ಕಣ್ಣಾರೆ ನೋಡಲಿ. ಆದರೆ ಇದನ್ನು ನೆಲದ ಮೇಲಿನ ಹಕ್ಕಿನ ದಾಖಲೆಯಾಗಿ ಯಾರೂ ಬಳಸಬಾರದು. ಅದೇ ಬೆಟ್ಟದಲ್ಲಿ ಅದಕ್ಕೂ ಶತಮಾನಗಳ ಹಿಂದಿನ ಬೌದ್ಧ ದಾನಿಗಳ ಬ್ರಾಹ್ಮಿ ಬರಹಗಳಿವೆ. ಇಲ್ಲಿಗೆ ಬಂದವರಲ್ಲಿ ನಾವು ಮೊದಲಿಗರೂ ಅಲ್ಲ, ಕೊನೆಯವರೂ ಅಲ್ಲ. ನೆರೆಮನೆಯ ಆಜಿಯನ್ನು ಪ್ರಶ್ನಿಸಲು ಮರಾಠಿ ಬೇಕು. 2020ರ ಕಾಯಿದೆಯಿಂದ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯವಾಗಿದೆ. ಅದನ್ನು ಹೊರೆಯೆನ್ನದೆ ಈ ಕೆಲಸಕ್ಕೆ ಬಳಸೋಣ. ನಮ್ಮ ಅಜ್ಜ ಅಜ್ಜಿಯರ ನೆನಪುಗಳಿರುವುದು ಮಾತ್ರ ಕನ್ನಡದಲ್ಲಿ. ಹಬ್ಬದ ವೇದಿಕೆಗಷ್ಟೇ ಉಳಿಯುತ್ತಿರುವ ಕನ್ನಡ ಆ ಹುಡುಗಿಗೆ ಬೇಕೇ ಬೇಕಾದದ್ದು ಹೀಗೆ.

ಈ ನಗರದ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವುದು ನಿಮಗೆಲ್ಲ ಗೊತ್ತು. ನಮ್ಮ ಹತ್ತಿರ ಹೆಚ್ಚು ಕಾಲವಿಲ್ಲ. ಆ ಅಜ್ಜನ ಜೊತೆಗೆ ಕೆಲಸ ಮಾಡಿದ್ದ ಇನ್ನೊಬ್ಬ ಹಿರಿಯರನ್ನು ದೀಪಾವಳಿ ರಜೆಯ ಅನಂತರ ಕಾಣೋಣವೆಂದು ಮಕ್ಕಳು ನೋಟುಬುಕ್ಕಿನಲ್ಲಿ ಅವರ ಹೆಸರು ಬರೆದು, ಕೆಳಗೆ ಏಳು ಪ್ರಶ್ನೆಗಳನ್ನು ಬರೆದಿಟ್ಟಿದ್ದರು. ರಜೆ ಮುಗಿಯುವ ಮುನ್ನವೇ ಅವರು ತೀರಿಕೊಂಡರು. ಆ ಪುಟದಲ್ಲಿ ಪ್ರಶ್ನೆಗಳು ಮಾತ್ರ ಇವೆ.

ಮಕ್ಕಳೆ, ಈ ಸಲ ನಾನು ಭಾಷಣವನ್ನು ಇಲ್ಲಿಗೇ ನಿಲ್ಲಿಸುತ್ತೇನೆ. ಉಳಿದ ಸಮಯ ನಿಮ್ಮದು. ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನೇ ಕೇಳಿ. ನಾಳೆಯಿಂದ ಒಟ್ಟಿಗೆ ಹುಡುಕೋಣ.