ವೇಗದ ವ್ಯಾಮೋಹ ಮತ್ತು ಹೆತ್ತವರ ಹೊಣೆಗಾರಿಕೆ

(ಚಿತ್ರದುರ್ಗದಲ್ಲಿ ಹೆತ್ತವರು ಮತ್ತು ಯುವಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕೆಲವು ತಿಂಗಳ ಹಿಂದೆ ನನ್ನ ತಂಗಿಯ ಮಗ ಹೊಸದುರ್ಗದಿಂದ ನನ್ನನ್ನು ಕಾಣಲು ಬಂದಿದ್ದ. ವಯಸ್ಸು ಇಪ್ಪತ್ತೊಂದು. ಚಾಲನಾ ಪರವಾನಗಿ ಪಡೆದು ಎರಡು ವರ್ಷವೂ ತುಂಬಿರಲಿಲ್ಲ. ಅವನ ಮೊಬೈಲಿನಲ್ಲಿ ಒಂದು ಕಾರಿನ ಚಿತ್ರವಿತ್ತು. ವಿದೇಶದಲ್ಲಿ ತಯಾರಾಗಿ ಬಂದ ಟರ್ಬೊ ಎಂಜಿನ್ನಿನ ಕಾರು. ಹಿಂದಿನ ಮಾಲಕನು ಅದಕ್ಕೆ ಇನ್ನಷ್ಟು ಶಕ್ತಿ ಬರುವಂತೆ ಮಾರ್ಪಾಡು ಮಾಡಿಸಿದ್ದ. "ಮಾಮೂ, ಹೊಸದಾದರೆ ಐವತ್ತು ಲಕ್ಷ. ಇದು ಹದಿನಾಲ್ಕು ಲಕ್ಷಕ್ಕೆ ಸಿಗುತ್ತದೆ. ಅಬ್ಬಾಗೆ ನೀವೊಂದು ಮಾತು ಹೇಳಬೇಕು" ಎಂದ.

ನಾನು ಅವನನ್ನು ಗದರಿಸಲಿಲ್ಲ. ಬೇಡ ಎಂಬ ಒಂದೇ ಪದದಿಂದ ಯಾವ ಯುವಕನೂ ತಿದ್ದಿಕೊಂಡದ್ದನ್ನು ನಾನು ಕಂಡಿಲ್ಲ. "ಕುಳಿತುಕೋ, ಇಬ್ಬರೂ ಸೇರಿ ಇದನ್ನು ವಿಚಾರಿಸೋಣ. ಎಲ್ಲವೂ ಸರಿಯಿದ್ದರೆ ನಿನ್ನ ಅಬ್ಬಾನ ಬಳಿ ನಾನೇ ಮಾತಾಡುತ್ತೇನೆ" ಎಂದೆ. ಅಂದು ನಾವು ಮಾಡಿದ ವಿಚಾರಣೆಯನ್ನೇ ಇಂದು ನಿಮ್ಮ ಮುಂದಿಡುತ್ತೇನೆ. ಏಕೆಂದರೆ ಈ ಚಿತ್ರ ಕೇವಲ ಒಬ್ಬ ಹುಡುಗನ ಮೊಬೈಲಿನಲ್ಲಿಲ್ಲ. ದುರ್ಗ, ಹಿರಿಯೂರು, ಹೊಳಲ್ಕೆರೆಗಳ ಅನೇಕ ಮನೆಗಳಲ್ಲಿ ಇಂದು ಇದೇ ಮಾತು ನಡೆಯುತ್ತಿದೆ. ಕೆಲವೆಡೆ ಅದು ಕಾರು, ಕೆಲವೆಡೆ ಸೈಲೆನ್ಸರ್ ಬದಲಾಯಿಸಿದ ಬೈಕು.

ಮೊದಲ ಪ್ರಶ್ನೆ ಹಣದ್ದು. ಹದಿನಾಲ್ಕು ಲಕ್ಷದಲ್ಲಿ ಆರು ಲಕ್ಷ ತಂದೆಯ ಅಡಿಕೆ ವ್ಯಾಪಾರದ ದುಡಿಮೆ. ಉಳಿದ ಎಂಟು ಲಕ್ಷಕ್ಕೆ ಫೈನಾನ್ಸ್. ಅಂದರೆ ಬಡ್ಡಿ. ಚಿಕಿತ್ಸೆಗೋ ಹಸಿವಿಗೋ ಅಲ್ಲ, ನಾಲ್ಕು ಜನರ ಕಣ್ಣು ತನ್ನತ್ತ ತಿರುಗಲೆಂದು ಬಡ್ಡಿ! ಸಾಲ ತೀರಿಸದೆ ತೀರಿಹೋದವನ ಜನಾಝಾ ನಮಾಝನ್ನು ನಿರ್ವಹಿಸಲು ಪ್ರವಾದಿವರ್ಯರು(ಸ) ಹಿಂಜರಿದ, ಸಹಾಬಿಯೊಬ್ಬರು ಆ ಸಾಲದ ಹೊಣೆ ಹೊತ್ತ ಬಳಿಕವೇ ಮುಂದೆ ನಿಂತ ಘಟನೆಯನ್ನು ನಾವು ಮಸೀದಿಗಳಲ್ಲಿ ಎಷ್ಟು ಬಾರಿ ಕೇಳಿಲ್ಲ? ಆದರೂ ಸಾಲವೆಂಬುದು ನಮಗೆ ಕಂತಿನ ಲೆಕ್ಕವಾಗಿ ಮಾತ್ರ ಕಾಣುತ್ತಿದೆ.

ಇನ್ನು, ಕೊಳ್ಳುವ ಬೆಲೆಯೊಂದಿಗೆ ಖರ್ಚು ಮುಗಿಯುವುದಿಲ್ಲ. ನಮ್ಮ ಸಮುದಾಯದಲ್ಲಿ ಮೆಕ್ಯಾನಿಕ್‌ಗಳಿಗೆ ಕೊರತೆಯಿಲ್ಲವಲ್ಲ, ಹಿರಿಯೂರಿನ ಒಬ್ಬ ಅನುಭವಿಯನ್ನು ಕೇಳಿದೆವು. ಅವರು ಸರಳವಾಗಿ ವಿವರಿಸಿದರು. ಎಂಜಿನ್ನಿನಿಂದ ಹೊರಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿಸುತ್ತದೆ. ಅದೇ ಕಡ್ಡಿಗೆ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲ್, ಹೆಚ್ಚು ಶಕ್ತಿ. ಇದೇ ಟರ್ಬೊ. ತಯಾರಕರು ಈ ಒತ್ತಡಕ್ಕೆ ಒಂದು ಮಿತಿ ಇಟ್ಟಿರುತ್ತಾರೆ. 'ರೀಮ್ಯಾಪ್' ಎಂಬ ಹೆಸರಿನಲ್ಲಿ ಎಂಜಿನ್ನಿನ ಕಂಪ್ಯೂಟರನ್ನು ತಿದ್ದಿ ಆ ಮಿತಿಯನ್ನು ಮೀರಿಸಲಾಗುತ್ತದೆ. ಆದರೆ ಕ್ಲಚ್, ಗೇರ್‌ಬಾಕ್ಸ್, ಬ್ರೇಕುಗಳು ಅನೇಕ ವೇಳೆ ಹಳೆಯವೇ ಉಳಿಯುತ್ತವೆ. ಹೆಚ್ಚಿದ ಬಿಸಿ ಮತ್ತು ಒತ್ತಡವನ್ನು ಎಷ್ಟು ವರ್ಷ ಸಹಿಸಿದ ಎಂಜಿನ್ ಅದೆಂಬುದು ಮಾರುವವನಿಗೆ ಮಾತ್ರ ಗೊತ್ತು. ಬಿಡಿಭಾಗ ಬೇಕಾದರೆ ಬೆಂಗಳೂರಿಗೋ ಅದರಾಚೆಗೋ ಹೋಗಬೇಕು. "ಗಾಡಿ ತರುವುದು ಒಂದು ದಿನದ ಖರ್ಚು ಸಾಹೇಬರೇ, ಸಾಕುವುದು ದಿನದಿನದ ಖರ್ಚು" ಎಂದರು ಆ ಮೆಕ್ಯಾನಿಕ್.

ಎರಡನೆಯ ಪ್ರಶ್ನೆ ಕಾಗದಪತ್ರಗಳದ್ದು. 2025ರಲ್ಲಿ ಭಾರತಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐಯ ಶೋರೂಮ್ ಬೆಲೆಯೇ ಆಗ 53 ಲಕ್ಷ ರೂಪಾಯಿ ಇತ್ತು. ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಹೆಚ್ಚು ಬೆಲೆಯ ಕಾರಿಗೆ ಶೇ. 18ರ ಜೀವಿತಾವಧಿ ತೆರಿಗೆಯಿದೆ. ಅಂದರೆ ಇಂಥದೊಂದು ಕಾರಿಗೆ ಒಂಬತ್ತೂವರೆ ಲಕ್ಷಕ್ಕೂ ಹೆಚ್ಚು ತೆರಿಗೆ. ಇದನ್ನು ತಪ್ಪಿಸಲು ಅನ್ಯ ರಾಜ್ಯದ ನೋಂದಣಿಯಲ್ಲೇ ಓಡಿಸುವವರಿದ್ದಾರೆ. 2025ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿ ಕಾರೊಂದರ ಮಾಲಕರು ಬಾಕಿ ತೆರಿಗೆ ಮತ್ತು ದಂಡವಾಗಿ ಸುಮಾರು 1.42 ಕೋಟಿ ರೂಪಾಯಿ ಕಟ್ಟಬೇಕಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಭೂತಾನ್ ಮೂಲಕ ಅಕ್ರಮವಾಗಿ ತಂದ ಐಷಾರಾಮಿ ವಾಹನಗಳನ್ನು ಹುಡುಕಿ ಕಸ್ಟಮ್ಸ್ ಅಧಿಕಾರಿಗಳು ಕೇರಳದ ಹಲವೆಡೆ ಶೋಧ ನಡೆಸಿದರು. ಅಗ್ಗವಾಗಿ ಸಿಗುವ ವಿದೇಶಿ ಕಾರು ಏಕೆ ಅಗ್ಗ ಎಂಬ ಪ್ರಶ್ನೆಗೆ ಉತ್ತರ ಅನೇಕ ವೇಳೆ ಇಲ್ಲಿಯೇ ಇರುತ್ತದೆ.

ಮಾರ್ಪಾಡಿನ ವಿಷಯದಲ್ಲಿಯೂ ಕಾನೂನು ಸ್ಪಷ್ಟವಿದೆ. ತಯಾರಕರು ನೀಡಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲಕನಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. ವಿಮಾ ಕಂಪೆನಿಗೆ ತಿಳಿಸದೆ ಮಾಡಿದ ಮಾರ್ಪಾಡು, ಅಪಘಾತವಾದಾಗ ಪರಿಹಾರಕ್ಕೇ ಅಡ್ಡಿಯಾಗಬಹುದು. ಒಪ್ಪಂದಗಳನ್ನು ಪಾಲಿಸಬೇಕೆಂಬ ಕುರ್‌ಆನಿನ ಆದೇಶ ನೆರೆಹೊರೆಯವರ ಕೈಸಾಲಕ್ಕೆ ಮಾತ್ರ ಅನ್ವಯಿಸುವುದೇ? ನಾವು ಪ್ರಜೆಗಳಾಗಿರುವ ದೇಶದ ತೆರಿಗೆಗೂ ರಸ್ತೆ ನಿಯಮಕ್ಕೂ ಅದು ಅನ್ವಯಿಸುವುದಿಲ್ಲವೇ?

ಮೂರನೆಯದು ರಸ್ತೆಯ ಪ್ರಶ್ನೆ. ಇದೇ ಎಲ್ಲಕ್ಕಿಂತ ದೊಡ್ಡದು. ನಮ್ಮ ಜಿಲ್ಲೆಯ ಎದೆಯ ಮೇಲೆಯೇ ಬೆಂಗಳೂರು-ಪುಣೆ ಹೆದ್ದಾರಿ ಹಾದುಹೋಗಿದೆ. ಅಗಲ ರಸ್ತೆ ಕಂಡಾಗ ಯುವಕನ ಕಾಲು ತಾನಾಗಿಯೇ ಆಕ್ಸಿಲರೇಟರನ್ನು ಒತ್ತುತ್ತದೆ. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 33 ಮೀಟರ್ ದಾಟುತ್ತದೆ. ವೇಗ ಎರಡರಷ್ಟಾದರೆ ಬ್ರೇಕು ಹಾಕಿ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ. ರಸ್ತೆ ದಾಟುತ್ತಿರುವ ಮುದುಕಿಗೆ ಈ ಲೆಕ್ಕ ತಿಳಿದಿರುವುದಿಲ್ಲ. ಹೊಸದುರ್ಗ, ಹೊಳಲ್ಕೆರೆಯ ಒಳರಸ್ತೆಗಳಲ್ಲಂತೂ ಕುರಿಮಂದೆ, ಅಡಿಕೆ ತುಂಬಿದ ಟ್ರ್ಯಾಕ್ಟರ್, ಶಾಲೆಯ ಮಕ್ಕಳು. ಇಂಥ ಟರ್ಬೊ ಕಾರಿನಲ್ಲಿ ಕಾಲೊತ್ತಿದ ಕ್ಷಣವೇ ಶಕ್ತಿ ಬಾರದೆ, ತುಸು ತಡೆದು ಒಮ್ಮೆಲೇ ನುಗ್ಗುವುದುಂಟು. ಮುಂದಿನ ವಾಹನವನ್ನು ಹಿಂದಿಕ್ಕಲು ಹೊರಟ ಅನನುಭವಿಗೆ ಆ ನುಗ್ಗುವಿಕೆಯನ್ನು ಅಂಕೆಯಲ್ಲಿಡುವುದು ಸುಲಭವಲ್ಲ.

ಕೇಂದ್ರ ಸರಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಇವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಅತಿವೇಗಕ್ಕೆ ಬಲಿಯಾದವರು. 2025ರ ಡಿಸೆಂಬರ್ 25ರ ನಸುಕಿನಲ್ಲಿ ಹಿರಿಯೂರು ತಾಲೂಕಿನ ಗೊರ್ಲತ್ತು ಬಳಿ ಕಂಟೇನರ್ ಲಾರಿಯೊಂದು ವಿಭಜಕ ದಾಟಿ ಸ್ಲೀಪರ್ ಬಸ್ಸಿಗೆ ಅಪ್ಪಳಿಸಿ, ಮಲಗಿದ್ದ ಪ್ರಯಾಣಿಕರು ಬೆಂಕಿಗೆ ಆಹುತಿಯಾದುದನ್ನು ನಾವಿನ್ನೂ ಮರೆತಿಲ್ಲ. ಆ ರಸ್ತೆಯ ಮೇಲೆ ನಿಂತು ವೇಗವನ್ನು ವಿನೋದವೆನ್ನಲು ಯಾರಿಗೆ ಮನಸ್ಸು ಬಂದೀತು?

ಹಾಗಾದರೆ ಇಸ್ಲಾಮ್ ವೇಗವನ್ನೇ ವಿರೋಧಿಸುತ್ತದೆಯೇ? ಖಂಡಿತ ಇಲ್ಲ. ಪ್ರವಾದಿವರ್ಯರು(ಸ) ಸ್ವತಃ ಕುದುರೆಗಳ ಓಟವನ್ನು ಏರ್ಪಡಿಸಿದ್ದರು. ಆದರೆ ಗಮನಿಸಿ: ಆ ಓಟಕ್ಕೆ ಆರಂಭದ ಜಾಗ ಗೊತ್ತಿತ್ತು, ಕೊನೆಯ ಜಾಗ ಗೊತ್ತಿತ್ತು. ಪಳಗಿಸಿದ ಕುದುರೆಗಳಿಗೆ ಒಂದು ದೂರ, ಪಳಗಿಸದವುಗಳಿಗೆ ಅದಕ್ಕಿಂತ ಕಡಿಮೆ ದೂರ. ಅದೇ ಪ್ರವಾದಿಯವರು(ಸ) ಅರಫಾದಿಂದ ಮರಳುವ ಜನಸಂದಣಿಯಲ್ಲಿ ಒಂಟೆಗಳನ್ನು ಹೊಡೆದು ಓಡಿಸುವ ಗದ್ದಲ ಕೇಳಿದಾಗ, ಶಾಂತರಾಗಿ ಸಾಗುವಂತೆಯೂ ಪುಣ್ಯವು ಅವಸರದಲ್ಲಿಲ್ಲವೆಂದೂ ತಿಳಿಹೇಳಿದರು. ಮೈದಾನದಲ್ಲಿ ಓಟ, ಜನರ ನಡುವೆ ನೆಮ್ಮದಿಯ ನಡೆ. ಎಷ್ಟು ಸುಂದರ ಸಮತೋಲನ! ಇಂದಿಗೂ ವೇಗದಲ್ಲಿ ನಿಜವಾದ ಆಸಕ್ತಿಯಿರುವವನಿಗೆ ಚೆನ್ನೈ, ಕೊಯಮತ್ತೂರುಗಳಲ್ಲಿ ರೇಸ್ ಟ್ರ್ಯಾಕ್‌ಗಳಿವೆ. ನೆರೆಯ ಚಿಕ್ಕಮಗಳೂರಿನಲ್ಲಿ ರ‍್ಯಾಲಿಗಳು ನಡೆಯುತ್ತವೆ. ಅಲ್ಲಿ ಹೆಲ್ಮೆಟ್ ಇದೆ, ಪರವಾನಗಿ ಇದೆ, ಕಾದು ನಿಂತ ಆಂಬುಲೆನ್ಸ್ ಇದೆ. ಊರಿನ ಬೀದಿಯಲ್ಲಿ ಇವಾವುವೂ ಇಲ್ಲ.

ಲುಕ್ಮಾನ್ ಅಧ್ಯಾಯದಲ್ಲಿ ಒಬ್ಬ ತಂದೆ ಮಗನಿಗೆ ನೀಡಿದ ಉಪದೇಶವಿದೆ. ಭೂಮಿಯ ಮೇಲೆ ಅಹಂಕಾರದಿಂದ ನಡೆಯಬೇಡ, ನಡಿಗೆಯಲ್ಲಿ ಮಿತವಿರಲಿ, ಸ್ವರವನ್ನು ತಗ್ಗಿಸು ಎಂಬುದು ಅದರ ಸಾರ. ನಡುರಾತ್ರಿ ಆಸ್ಪತ್ರೆಯ ಮುಂದೆ ಸಿಡಿಲಿನಂತೆ ಸದ್ದು ಮಾಡುವ ಸೈಲೆನ್ಸರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೇ?

ಇನ್ನು ಹೆತ್ತವರೊಂದಿಗೆ ಒಂದು ಮಾತು. ಹದಿನೆಂಟು ತುಂಬದ ಮಗ ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲಕನಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25 ಸಾವಿರ ರೂಪಾಯಿ ದಂಡವಿದೆ. ಮಗನಿಗೆ ಇಪ್ಪತ್ತೈದರವರೆಗೆ ಪರವಾನಗಿಯಿಲ್ಲ. 2024ರ ಮೇ 19ರಂದು ಪುಣೆಯಲ್ಲಿ ಹದಿನೇಳರ ಹುಡುಗನೊಬ್ಬ ಓಡಿಸುತ್ತಿದ್ದ ಪೋರ್ಷೆ ಕಾರು ಇಬ್ಬರು ಯುವ ಎಂಜಿನಿಯರ್‌ಗಳನ್ನು ಬಲಿ ತೆಗೆದುಕೊಂಡಿತು. ಮುನ್ನೂರು ಪದಗಳ ಪ್ರಬಂಧ ಬರೆಯಬೇಕೆಂಬ ಷರತ್ತಿನೊಂದಿಗೆ ಆ ಹುಡುಗನಿಗೆ ಮೊದಲು ಜಾಮೀನು ದೊರೆತಾಗ ದೇಶವೇ ಕೆರಳಿತು. ಪಂಕ್ಚರ್ ಅಂಗಡಿಯವನ ಮಗನಿಗೆ ಆ ಪ್ರಬಂಧದ ಭಾಗ್ಯ ದೊರೆಯುತ್ತಿತ್ತೇ? ನಮ್ಮ ಒಬ್ಬ ಹುಡುಗ ವೀಲಿಂಗ್ ಮಾಡಿದರೆ ಇಡೀ ಸಮುದಾಯವನ್ನು ಕಟಕಟೆಯಲ್ಲಿ ನಿಲ್ಲಿಸುವ ಮಾಧ್ಯಮಗಳೂ ಇವೆ. ಈ ತಾರತಮ್ಯವನ್ನು ನಾವು ಖಂಡಿಸಲೇಬೇಕು. ಹೆದ್ದಾರಿಯ ಅಪಾಯದ ತಿರುವುಗಳನ್ನು ಸರಿಪಡಿಸಿ, ಹಳ್ಳಿಗಳ ಬಳಿ ಸರ್ವಿಸ್ ರಸ್ತೆ ಕೊಡಿ ಎಂದು ಸರಕಾರವನ್ನು ಕೇಳಲೇಬೇಕು. ಆದರೆ ಅನ್ಯರ ಅನ್ಯಾಯ ನಮ್ಮ ಮಗನ ತಪ್ಪಿಗೆ ಸಮರ್ಥನೆಯಾಗದು. ದಾರಿಯಿಂದ ಮುಳ್ಳನ್ನು ಸರಿಸುವುದೂ ವಿಶ್ವಾಸದ ಭಾಗವೆಂದು ಕಲಿಸಲ್ಪಟ್ಟ ಸಮುದಾಯ ತಾನೇ ದಾರಿಯ ಮುಳ್ಳಾಗಬಾರದು.

ಕೊನೆಗೆ ಆ ಹುಡುಗನ ವಿಷಯ. ಮಾರುವವನಲ್ಲಿ ಮಾರ್ಪಾಡಿನ ವಿವರ, ಸರ್ವಿಸ್ ದಾಖಲೆ, ನಿರಾಕ್ಷೇಪಣಾ ಪತ್ರಗಳನ್ನು ಕೇಳುವಂತೆ ಅವನಿಗೇ ಹೇಳಿದೆ. ಎರಡು ಕರೆಗಳಿಗೆ ಜಾರಿಕೆಯ ಉತ್ತರ, ಮೂರನೆಯದಕ್ಕೆ ಉತ್ತರವೇ ಇಲ್ಲ. ಹುಡುಗ ವಾರವಿಡೀ ನನ್ನೊಂದಿಗೆ ಸರಿಯಾಗಿ ಮಾತನಾಡಲಿಲ್ಲ. ಬಳಿಕ ಒಂದು ದಿನ ಅವನ ಅಬ್ಬಾ ಕರೆ ಮಾಡಿ, "ಆರು ಲಕ್ಷ ವ್ಯಾಪಾರದಲ್ಲೇ ಉಳಿಯಿತು ಭಾಯಿ. ಈಗ ಅವನೇ ಮಂಡಿಗೆ ಬರುತ್ತಿದ್ದಾನೆ. ಮುಂದಿನ ರ‍್ಯಾಲಿಗೆ ಅವನನ್ನು ಚಿಕ್ಕಮಗಳೂರಿಗೆ ಕರೆದೊಯ್ಯುವೆನೆಂದು ಮಾತು ಕೊಟ್ಟಿದ್ದೇನೆ" ಎಂದರು. ಆ ಕಾರಿನ ಚಿತ್ರ ಇನ್ನೂ ಅವನ ಮೊಬೈಲಿನಲ್ಲಿದೆ. ಇರಲಿ. ಆಸೆ ಪಾಪವಲ್ಲ.

ಯೌವನವನ್ನು ಹೇಗೆ ಕಳೆದೆ, ಹಣವನ್ನು ಎಲ್ಲಿಂದ ಗಳಿಸಿ ಯಾವುದಕ್ಕೆ ವ್ಯಯಿಸಿದೆ ಎಂದು ನಾಳೆ ಪರಲೋಕದಲ್ಲಿ ಕೇಳಲಾಗುವುದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಕಾರಿನ ಕೀಲಿಯನ್ನು ಮಗನ ಕೈಗಿಡುವ ಪ್ರತಿ ತಂದೆಯೂ ಆ ಪ್ರಶ್ನೆಗಳನ್ನು ತಾನೇ ಮೊದಲು ಮನೆಯಲ್ಲಿ ಕೇಳಲಿ. ನಮ್ಮ ಮಕ್ಕಳು ಮನೆಗೆ ಸುರಕ್ಷಿತವಾಗಿ ಮರಳಲಿ, ಅವರಿಂದಾಗಿ ಇತರರ ಮಕ್ಕಳೂ ಸುರಕ್ಷಿತವಾಗಿ ಮರಳಲಿ. ಅಲ್ಲಾಹನು ನಮ್ಮೆಲ್ಲರನ್ನೂ ಅನುಗ್ರಹಿಸಲಿ. ಆಮೀನ್.