ಕಾವು ತಾಳುವ ಅಂಟು

(ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಟಿ.ವಿ. ಕೆಟ್ಟರೆ ರಿಪೇರಿ ಅಂಗಡಿಯವರು ಬೋರ್ಡನ್ನು ತಿರುಗಿಸಿ, ಎಲ್ಲಾದರೂ ಬೆಸುಗೆ ಬಿಟ್ಟಿದೆಯೇ ಎಂದು ನೋಡುವುದನ್ನು ನೀವು ಗಮನಿಸಿರಬಹುದು. ಬಿಡಿಭಾಗ ಎಷ್ಟೇ ಬೆಲೆಬಾಳುವಂಥದ್ದಾದರೂ ಅದನ್ನು ಬೋರ್ಡಿಗೆ ಸೇರಿಸುವ ಆ ಪುಟ್ಟ ಚುಕ್ಕೆ ಸಡಿಲವಾದರೆ ಇಡೀ ಉಪಕರಣ ನಿಷ್ಪ್ರಯೋಜಕ. ಇಂದಿನ ನನ್ನ ಮಾತು ಆ ಚುಕ್ಕೆಯನ್ನು ಕುರಿತದ್ದು.

ಬಹುಕಾಲ ಬಳಕೆಯಲ್ಲಿದ್ದ ಬೆಸುಗೆಯಲ್ಲಿ 63 ಭಾಗ ತವರ, 37 ಭಾಗ ಸೀಸ. ಅದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಆದರೆ ಸೀಸ ನರಮಂಡಲಕ್ಕೆ ವಿಷ. ಮಕ್ಕಳ ಮೆದುಳಿಗಂತೂ ಬಹಳ ಹಾನಿಕರ. ಆದ್ದರಿಂದ ಯುರೋಪಿಯನ್ ಒಕ್ಕೂಟವು 2006ರ ಜುಲೈ 1ರಿಂದ ಬಹುತೇಕ ಎಲೆಕ್ಟ್ರಾನಿಕ್ ಸರಕುಗಳಲ್ಲಿ ಅದನ್ನು ನಿರ್ಬಂಧಿಸಿತು. ಬದಲಿಗೆ ಬಂದ ತವರ, ಬೆಳ್ಳಿ, ತಾಮ್ರದ ಮಿಶ್ರಣ ಸುಮಾರು 217 ಡಿಗ್ರಿಯಲ್ಲಿ ಕರಗಲಾರಂಭಿಸುತ್ತದೆ. ಹೆಚ್ಚು ಕಾವು ತಾಳಬೇಕಾದ ಕಡೆ ಮಾತ್ರ, ಶೇ. 85ಕ್ಕಿಂತ ಹೆಚ್ಚು ಸೀಸವುಳ್ಳ ಬೆಸುಗೆಗೆ ಅದೇ ಕಾನೂನು ವಿನಾಯಿತಿ ಕೊಡಬೇಕಾಯಿತು. ಸರಿಯಾದ ಬದಲಿ ಇಲ್ಲದ್ದೇ ಅದಕ್ಕೆ ಕಾರಣ.

ಅಷ್ಟು ಕಾವು ಎಲ್ಲಿರುತ್ತದೆ ಎಂದು ಕೇಳುತ್ತೀರಾ? ಭೂಮಿಯೊಳಗೆ ಇಳಿದಂತೆ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಉಷ್ಣತೆ ಏರುತ್ತದೆ. ಐದು ಕಿಲೋಮೀಟರ್ ಆಳದ ತೈಲಬಾವಿಗೆ ಇಳಿಸಿದ ಅಳತೆಯ ಉಪಕರಣ 150 ಡಿಗ್ರಿ ಮೀರಿದ ಕಾವಿನಲ್ಲಿ ಕೆಲಸ ಮಾಡಬೇಕಾಗಬಹುದು. ಎಂಜಿನ್ನಿನ ಪಕ್ಕದಲ್ಲಿ ಕೂರುವ ಕಾರಿನ ಸರ್ಕ್ಯೂಟಿಗೂ ಇಂಥದೇ ಪರೀಕ್ಷೆ.

ಈ ಹುಡುಕಾಟದಲ್ಲಿ ಮುಂದೆ ಬಂದ ಒಂದು ದಾರಿಯೇ ವಿದ್ಯುತ್ ಹರಿಸುವ ಅಂಟು. ಎರಡು ಟ್ಯೂಬುಗಳಿಂದ ಹಿಂಡಿ ಕಲಸುವ ಅರಾಲ್ಡೈಟನ್ನು ನೀವು ಬಲ್ಲಿರಿ, ಅದು ಎಪಾಕ್ಸಿ. ಎಪಾಕ್ಸಿಯಲ್ಲಿ ವಿದ್ಯುತ್ ಹರಿಯದು. ಅದಕ್ಕೆ ಬೆಳ್ಳಿಯ ಸೂಕ್ಷ್ಮ ಚಕ್ಕೆಗಳನ್ನು ಬೆರೆಸುತ್ತಾರೆ. ಚಕ್ಕೆಗಳು ಕಡಿಮೆಯಿದ್ದರೆ ಒಂದೊಂದೂ ಒಂಟಿ ದ್ವೀಪ. ಒಂದು ಮಿತಿ ದಾಟಿದೊಡನೆ ಅವು ಒಂದನ್ನೊಂದು ಮುಟ್ಟಿ ಸರಪಳಿಯಾಗುತ್ತವೆ, ವಿದ್ಯುತ್ತಿಗೆ ದಾರಿ ತೆರೆಯುತ್ತದೆ. ಸಾಮಾನ್ಯವಾಗಿ ತೂಕದಲ್ಲಿ ಶೇ. 70ರಿಂದ 80ರಷ್ಟು ಬೆಳ್ಳಿಯೇ ಇರುತ್ತದೆ. ಅಗ್ಗದ ತಾಮ್ರ ಏಕಾಗದು? ತಾಮ್ರದ ಮೇಲೆ ಕೂರುವ ಆಕ್ಸೈಡ್ ಪದರ ವಿದ್ಯುತ್ತನ್ನು ತಡೆಯುತ್ತದೆ; ಬೆಳ್ಳಿಯ ಆಕ್ಸೈಡ್ ಹಾಗೆ ತಡೆಯದು.

ಈ ಅಂಟಿನ ದೊಡ್ಡ ಗುಣ ಹೀಗಿದೆ. ಬೆಸುಗೆ ಎಷ್ಟು ಡಿಗ್ರಿಯಲ್ಲಿ ಕರಗಿ ಕೂತಿತೋ ಮತ್ತೆ ಅಷ್ಟೇ ಡಿಗ್ರಿಯಲ್ಲಿ ಕರಗುತ್ತದೆ. ಎಪಾಕ್ಸಿ ಸುಮಾರು 150 ಡಿಗ್ರಿಯಲ್ಲಿ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗಿ ಹರಿಯುವುದಿಲ್ಲ.

ಆದರೆ ಕರಗದಿರುವುದೇ ಬೇರೆ, ಕಾವು ತಾಳುವುದೇ ಬೇರೆ. ಗಾಜಿನಂತೆ ಗಡುಸಾಗಿದ್ದ ಅಂಟು ಒಂದು ಉಷ್ಣತೆ ದಾಟಿದರೆ ರಬ್ಬರಿನಂತೆ ಮೆತ್ತಗಾಗುತ್ತದೆ, ಹಿಂದಿಗಿಂತ ಹಲವು ಪಟ್ಟು ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಅನೇಕ ಎಪಾಕ್ಸಿಗಳಿಗೆ ಈ ಗಡಿ 150 ಡಿಗ್ರಿಯ ಒಳಗೇ ಇದೆ. ಪಾಲಿಇಮೈಡ್ ಅಂಟು ಇನ್ನೂ ಹೆಚ್ಚು ತಾಳುತ್ತದೆ. ಆದರೆ ಗಟ್ಟಿಯಾಗುವಾಗ ಹೊರಬರುವ ಆವಿ ಒಳಗೆ ಪೊಳ್ಳು ಉಳಿಸುವ ಅಪಾಯವಿದೆ. ಅದಕ್ಕೂ ಮುಂದಿನ ಹೆಜ್ಜೆ ಬೆಳ್ಳಿಯ ನುಣುಪು ಪುಡಿಯ ಪೇಸ್ಟ್. ಸುಮಾರು 250 ಡಿಗ್ರಿಯಲ್ಲಿ ಕಣಗಳು ಕರಗದೆಯೇ ಒಂದಕ್ಕೊಂದು ಬೆಸೆಯುತ್ತವೆ. ಹಾಗೆ ಬೆಸೆದ ಬೆಳ್ಳಿ ಕರಗಲು 961 ಡಿಗ್ರಿ ಬೇಕು.

ತೇವವೂ ಶತ್ರುವೇ. ತವರ ಲೇಪಿಸಿದ ಕಾಲುಗಳಿಗೆ ಬೆಳ್ಳಿಯ ಅಂಟು ಹಾಕಿ ತೇವ ತಗುಲಿಸಿದರೆ, ಎರಡು ಲೋಹಗಳ ನಡುವೆ ಬ್ಯಾಟರಿಯಲ್ಲಿ ನಡೆಯುವಂಥ ಕ್ರಿಯೆ ನಡೆದು ತವರ ಸವೆಯುತ್ತದೆ, ವಿದ್ಯುತ್ ರೋಧ ಏರುತ್ತದೆ. ಅದಕ್ಕೇ 85 ಡಿಗ್ರಿ ಕಾವು, ಶೇ. 85 ಆರ್ದ್ರತೆಯಲ್ಲಿ 500 ಗಂಟೆ ಇಟ್ಟು ಪರೀಕ್ಷಿಸುವ ಪದ್ಧತಿ ಇದೆ.

ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲಿ ಕೆಲವರು ಕಾರ್ಖಾನೆಯಲ್ಲಿ ಇಂಥ ಅಂಟನ್ನು ಆರಿಸುವವರಾಗುತ್ತೀರಿ. ಡಬ್ಬಿಯ ಮೇಲಿನ ಒಂದೇ ಅಂಕಿಯನ್ನು ನಂಬಬೇಡಿ. ಎಷ್ಟು ಕಾವು, ಎಷ್ಟು ಹೊತ್ತು, ಯಾವ ಲೋಹದ ಮೇಲೆ ಎಂಬ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಿ. ಕಾರಿನ ಬ್ರೇಕ್ ಹಿಡಿಯುವುದು, ಬಾವಿಯ ಒತ್ತಡದ ಮುನ್ಸೂಚನೆ ಸಿಗುವುದು ಇಂಥ ಚುಕ್ಕೆಗಳನ್ನೇ ಅವಲಂಬಿಸಿರಬಹುದು. ಅದರಾಚೆ ಮನುಷ್ಯರ ಜೀವವಿದೆ.