ಮಗ ನೋಡುತ್ತಿದ್ದಾನೆ

'ಬೈಸಿಕಲ್ ಥೀವ್ಸ್' 1948ರಲ್ಲಿ ಬಂದ ಇಟಾಲಿಯನ್ ಚಿತ್ರ. ನಿರ್ದೇಶಕ ವಿತ್ತೋರಿಯೋ ದೆ ಸಿಕಾ. ಯುದ್ಧ ಮುಗಿದ ರೋಮ್‌ನಲ್ಲಿ ಕೆಲಸಕ್ಕೆ ಕಾದು ನಿಂತ ಗಂಡಸರ ಗುಂಪಿನಿಂದ ಅಂತೋನಿಯೋ ರಿಚ್ಚಿಗೆ ಕರೆ ಬರುತ್ತದೆ. ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ, ಆದರೆ ಸೈಕಲ್ ಇರಲೇಬೇಕು. ಅವನ ಸೈಕಲ್ಲೋ ಒತ್ತೆ ಬಿದ್ದಿದೆ. ಹೆಂಡತಿ ಮರಿಯಾ ಹಾಸಿಗೆಯ ಬಟ್ಟೆಗಳನ್ನೇ ಗಂಟು ಕಟ್ಟಿ ಒಯ್ದು ಒತ್ತೆಯಿಡುತ್ತಾಳೆ, ಸೈಕಲ್ ಬಿಡಿಸಿಕೊಳ್ಳುತ್ತಾರೆ. ಅಂಗಡಿಯಾತ ಆ ಗಂಟು ಹಿಡಿದು ಕಪಾಟು ಹತ್ತುವಾಗ ಸೂರಿನವರೆಗೂ ಅಂಥವೇ ಗಂಟುಗಳು ಕಾಣುತ್ತವೆ. ಊರಿನ ಪಾಡು ಹೇಳಲು ಅಷ್ಟೇ ಸಾಕಾಗಿದೆ.

ಮೊದಲ ದಿನವೇ ಸೈಕಲ್ ಕಳುವಾಗುತ್ತದೆ. ಭಾನುವಾರವಿಡೀ ತಂದೆ, ಪುಟ್ಟ ಮಗ ಬ್ರೂನೋ ಅದನ್ನು ಹುಡುಕುತ್ತ ಅಲೆಯುತ್ತಾರೆ. ಉಳಿದದ್ದೆಲ್ಲ ಈ ಅಲೆದಾಟವೇ.

ಬ್ರೂನೋನ ಕಣ್ಣು ಬಲು ಚುರುಕು. ಸೈಕಲ್ ಕಳೆಯುವ ಮೊದಲೇ, ಅದನ್ನು ಒರೆಸುತ್ತ, ಒತ್ತೆಯಲ್ಲಿದ್ದಾಗ ಆದ ನೆಗ್ಗನ್ನು ಕಂಡುಹಿಡಿದು ಅಪ್ಪನಿಗೆ ತೋರಿಸುತ್ತಾನೆ. ತಾನಾಗಿದ್ದರೆ ಕೇಳಿಯೇ ಬಿಡುತ್ತಿದ್ದೆ ಎಂಬ ಧಾಟಿ ಅವನದು. ಅಪ್ಪನಿಗೆ ಅದು ಬೇಡದ ಮಾತು. ಮುಂದೆ ಹುಡುಕಾಟ ಕೈಗೂಡದೆ ಮಗ ಎದುರಾಡಿದಾಗ ಅಂತೋನಿಯೋ ರಪ್ಪನೆ ಕೆನ್ನೆಗೆ ಬಿಗಿಯುತ್ತಾನೆ. ಅಮ್ಮನಿಗೆ ಹೇಳುತ್ತೇನೆಂದು ಹುಡುಗ ಮುನಿದು ದೂರ ನಡೆಯುತ್ತಾನೆ. ಅಷ್ಟರಲ್ಲಿ ನದಿಯಲ್ಲಿ ಯಾರೋ ಹುಡುಗ ಮುಳುಗುತ್ತಿದ್ದಾನೆಂಬ ಕೂಗು. ತಂದೆ ಎದ್ದುಬಿದ್ದು ಓಡುತ್ತಾನೆ. ಬ್ರೂನೋ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದಾನೆ!

ಆಮೇಲೆ ಕ್ಷಮೆಯ ಮಾತಿಲ್ಲ. ಹಸಿವಾಯಿತೇ ಎಂಬ ಪ್ರಶ್ನೆಯಿದೆ. ಕೈಗೆ ಎಟುಕದ ಹೋಟೆಲಿಗೆ ಕರೆದೊಯ್ದು, ವೈನ್ ತರಿಸಿ, ಮಗನಿಗೂ ಒಂದಿಷ್ಟು ಬಗ್ಗಿಸುತ್ತಾನೆ. ತಾಯಿ ನೋಡಿದ್ದರೆ ಏನನ್ನುತ್ತಿದ್ದಳೋ ಎಂದು ನಗುತ್ತಾನೆ. ಪಕ್ಕದ ಮೇಜಿನ ಸಿರಿವಂತರ ಹುಡುಗ ಚೀಸಿನ ಎಳೆ ಎಳೆಯುತ್ತ ಬ್ರೂನೋನನ್ನು ತಾತ್ಸಾರದಿಂದ ನೋಡುತ್ತಾನೆ. ಕೆಲಸ ಉಳಿದಿದ್ದರೆ ತಿಂಗಳಿಗೆ ಎಷ್ಟು ಬರುತ್ತಿತ್ತೆಂದು ತಂದೆ ಲೆಕ್ಕ ಶುರುಮಾಡುತ್ತಾನೆ; ಬರೆದುಕೊಳ್ಳುವ ಕೆಲಸ ಮಗನದು. ಲೆಕ್ಕ ಮುಗಿಯುವುದರೊಳಗೆ ಊಟದ ಖುಷಿಯೂ ಇಳಿದಿರುತ್ತದೆ. ಇಡೀ ಚಿತ್ರದಲ್ಲಿ ಇದಕ್ಕಿಂತ ಹೃದ್ಯವಾದ ಭಾಗ ಇನ್ನೊಂದಿಲ್ಲ.

ಕೊನೆಗೆ ಅಂತೋನಿಯೋ ತಾನೇ ಒಂದು ಸೈಕಲ್ ಕದಿಯಲು ಹೋಗುತ್ತಾನೆ. ಅದಕ್ಕೆ ಮೊದಲು ಟ್ರ್ಯಾಮ್ ಹತ್ತಿ ಹೋಗೆಂದು ಮಗನನ್ನು ಸಾಗಹಾಕುತ್ತಾನೆ. ಕಳ್ಳತನಕ್ಕಿಂತ ಅವನಿಗೆ ಆ ಕಣ್ಣುಗಳದೇ ಹೆಚ್ಚು ಅಂಜಿಕೆಯಿರಬೇಕು. ಹುಡುಗನಿಗೆ ಟ್ರ್ಯಾಮ್ ತಪ್ಪುತ್ತದೆ. ತಂದೆ ಸಿಕ್ಕಿಬಿದ್ದು ಏಟು ತಿನ್ನುವುದನ್ನು ಅವನು ಕಾಣುತ್ತಾನೆ. ಸೈಕಲ್ಲಿನ ಒಡೆಯನೂ ಅಳುವ ಹುಡುಗನ ಮುಖ ಕಂಡು, ದೂರು ಕೊಡದೆ ಬಿಟ್ಟುಬಿಡುತ್ತಾನೆ.

ಚಿತ್ರಕ್ಕೆ ದೊಡ್ಡ ತಾರೆಯರಿರಲಿಲ್ಲ. ಕ್ಯಾರಿ ಗ್ರಾಂಟ್‌ನನ್ನು ಹಾಕಿಕೊಂಡರೆ ಹಣ ಹೂಡುವೆನೆಂದ ಹಾಲಿವುಡ್ ನಿರ್ಮಾಪಕನ ಮಾತಿಗೆ ದೆ ಸಿಕಾ ಒಪ್ಪಲಿಲ್ಲ. ಬ್ರೂನೋ ಪಾತ್ರದ ಎಂಝೋ ಸ್ತಾಯೋಲಾ ಬೀದಿಯಲ್ಲಿ ಸಿಕ್ಕ ಹುಡುಗ. ತಂದೆಯ ಪಾತ್ರದ ಲಾಂಬೆರ್ತೋ ಮಾಜ್ಜೋರಾನಿ ಕಾರ್ಖಾನೆಯ ಕೂಲಿಯಾಳು. ಚಿತ್ರ ಜಗತ್ತೆಲ್ಲ ಹೆಸರು ಮಾಡಿತು, 1950ರಲ್ಲಿ ಆಸ್ಕರ್ ವಿಶೇಷ ಗೌರವ ಪಡೆಯಿತು. ಮಾಜ್ಜೋರಾನಿ ಮರಳಿ ಕಾರ್ಖಾನೆಗೆ ಹೋದ. ಆಳುಗಳನ್ನು ಕಡಿಮೆ ಮಾಡುವಾಗ ಅವನ ಕೆಲಸವೂ ಹೋಯಿತು.